2 ಮೀಟರ್ ಮೋಟಾರ್ ಗ್ಲೈಡರ್: ಐಲರಾನ್ ಬೇಕಾ, ರಡ್ಡರ್ ಸಾಕಾ? ಅನುಭವ ಹೇಳಿ

ಕ್ಯಾತ್ಸಂದ್ರದವನು: ನಮಸ್ಕಾರ. ರಿಮೋಟಿನ ಪುಟ್ಟ ಟ್ರೇನರ್ ವಿಮಾನದಲ್ಲಿ ಕೈ ಕುದುರಿದೆ. ಈಗ 2 ಮೀಟರ್ ರೆಕ್ಕೆಯ ಫೋಮ್ ಮೋಟಾರ್ ಗ್ಲೈಡರ್ (ಮೋಟಾರಿನಲ್ಲಿ ಏರಿ, ಅದನ್ನು ನಿಲ್ಲಿಸಿ ತೇಲುವ ವಿಮಾನ) ತಗೊಳ್ಳಬೇಕು ಅಂತಿದ್ದೇನೆ. ಬಜೆಟ್ 20,000. ಹಾರಿಸುವ ರಿಮೋಟ್ ರೇಡಿಯೊ ಇದೆ. ಗೆಳೆಯನದ್ದು ಹಾರಿಸಿ ನೋಡಿದೆ. ಮೋಟಾರ್ ಕೊಟ್ಟರೆ ಮೂತಿ ಮೇಲೇಳುತ್ತದೆ. ಎಡಕ್ಕೆ ವಾಲಿಸಿದರೆ ಮೂತಿ ಮೊದಲು ಬಲಕ್ಕೆ ಹೋಗುತ್ತದೆ. ಎಲ್ಲಾ ಗ್ಲೈಡರೂ ಹೀಗೇನಾ? ರೆಕ್ಕೆಯ ಹಿಂದಂಚಿನಲ್ಲಿ ಆಡುವ ಪಟ್ಟಿ, ಅಂದರೆ ಐಲರಾನ್ ಇರುವುದು ತಗೊಳ್ಳಲಾ, ಬಾಲದಲ್ಲಿ ಎಡಬಲಕ್ಕೆ ತಿರುಗಿಸುವ ರಡ್ಡರ್ ಇದ್ದರೆ ಸಾಕಾ?

ತಿಪಟೂರು ಕಡೆಯವ: ರಡ್ಡರ್, ಜೊತೆಗೆ ಮೂತಿ ಮೇಲೆ ಕೆಳಗೆ ಮಾಡುವ ಎಲಿವೇಟರ್, ಎರಡೇ ಸಾಕು. ಮಿಕ್ಕಿದ್ದೆಲ್ಲ ಷೋಕಿ. ರೆಕ್ಕೆಯ ತುದಿ ಮೇಲಕ್ಕೆ ಬಾಗಿರುವ ಮಾಡೆಲ್ ಆದರೆ ರಡ್ಡರ್ ಕೊಟ್ಟ ಕಡೆ ತಾನೇ ವಾಲಿಕೊಂಡು ತಿರುಗುತ್ತದೆ. ಸ್ಟಿಕ್ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ಒಂದೇ ತಕರಾರು, ಕೊಟ್ಟ ತಕ್ಷಣ ತಿರುಗುವುದಿಲ್ಲ. ಅರ್ಧ ಕ್ಷಣ ಯೋಚನೆ ಮಾಡಿ ತಿರುಗುತ್ತದೆ. ತೆಂಗಿನ ತೋಟದ ಪಕ್ಕ ಆ ಅರ್ಧ ಕ್ಷಣ ದುಬಾರಿ. ನನ್ನದು ಗರಿಗಳ ನಡುವೆ ಹೋಗಿ ಕೂತಿತು. ಮರ ಹತ್ತುವವರು 500 ಕೇಳಿದರು. ಸಿಕ್ಕಿಕೊಂಡಿರುವುದು ವಿಮಾನ ಅಂತ ಗೊತ್ತಾದ ಮೇಲೆ 800 ಆಯಿತು. ಅವರು ಇಳಿಸಲಿಲ್ಲ, ಮೇಲಿಂದ ಎಸೆದರು. ಬಾಲ ಎರಡು ತುಂಡು. ಹೊಸ ಬಾಲದ ಸೆಟ್ 1,150, ಕೊರಿಯರ್ 240. ಬಂದದ್ದು ಬೇರೆ ಮಾಡೆಲ್‌ನ ಬಾಲ. ವಾಪಸ್ ಕಳಿಸುವ ಖರ್ಚೂ ನನ್ನದೇ ಅಂತೆ! ಕೊನೆಗೆ ಥರ್ಮೋಕೋಲ್ ಕೆತ್ತಿ, ಒಳಗೆ ಕಾರ್ಬನ್ ಕಡ್ಡಿ ಇಟ್ಟು ನಾನೇ ಮಾಡಿಕೊಂಡೆ. ಇವತ್ತಿಗೂ ಅದೇ ಬಾಲ. ಕಂಪನಿಯದ್ದಕ್ಕಿಂತ ಗಟ್ಟಿ.

ಚಿಂತಾಮಣಿ: 800 ಕೊಟ್ಟ ಮೇಲೂ ರಡ್ಡರೇ ಸಾಕು ಅನ್ನುತ್ತಿದ್ದೀರಲ್ಲ ಸರ್! ಆಷಾಢದ ಗಾಳಿಯಲ್ಲಿ ಆ ಮಾಡೆಲ್ ನಿಂತಲ್ಲೇ ನಿಲ್ಲುತ್ತದೆ, ಮುಂದಕ್ಕೇ ಬರುವುದಿಲ್ಲ. ಐಲರಾನ್ ಇದ್ದರೆ ಗಾಳಿ ಕೊರೆದುಕೊಂಡು ಬರಬಹುದು. ಮೂತಿ ಉಲ್ಟಾ ಹೋಗುವುದಕ್ಕೆ ಕಾರಣ ಕೆಳಗಿಳಿದ ಐಲರಾನ್. ಆ ಕಡೆಯ ರೆಕ್ಕೆಗೆ ಲಿಫ್ಟ್ (ಮೇಲೆತ್ತುವ ಬಲ) ಜೊತೆ ಡ್ರ್ಯಾಗೂ (ಹಿಂದಕ್ಕೆಳೆಯುವ ಬಲ) ಜಾಸ್ತಿ. ರೆಕ್ಕೆ ಉದ್ದ ಇದ್ದಷ್ಟೂ ಇದು ಎದ್ದು ಕಾಣುತ್ತದೆ. ರೇಡಿಯೊದಲ್ಲಿ ಡಿಫರೆನ್ಷಿಯಲ್ ಹಾಕಿ, ಅಂದರೆ ಐಲರಾನ್ ಮೇಲಕ್ಕೆ ಹೆಚ್ಚು, ಕೆಳಕ್ಕೆ ಕಡಿಮೆ ಹೋಗಲಿ. ನನ್ನದು ಮೇಲಕ್ಕೆ 12 ಮಿ.ಮೀ., ಕೆಳಕ್ಕೆ 6. ಜೊತೆಗೆ ಸ್ವಲ್ಪ ರಡ್ಡರ್ ಮಿಕ್ಸ್, ಐಲರಾನ್ ಕೊಟ್ಟಾಗ ರಡ್ಡರೂ ತಾನೇ ತಿರುಗಲಿ ಅಂತ. ಎರಡೂ ಐಲರಾನ್ ಒಟ್ಟಿಗೆ ಮೇಲೆತ್ತಿದರೆ ಬ್ರೇಕ್ ಕೂಡ ಆಯಿತು. ಬ್ರೇಕ್ ಇಲ್ಲದವರೇ ತೆಂಗಿನ ಮರಕ್ಕೆ ದುಡ್ಡು ಕಟ್ಟುವುದು.

ನನಗೆ ಕೈಕೊಟ್ಟದ್ದು ಐಲರಾನ್ ಅಲ್ಲ, ಮೋಟಾರ್ ವೇಗ ನಿಯಂತ್ರಿಸುವ ಇಎಸ್‌ಸಿ. ಪ್ರೊಪೆಲ್ಲರ್ ನಿಲ್ಲಿಸುವ ಅದರ ಬ್ರೇಕ್ ಆನ್ ಮಾಡಿ ಕೊಟ್ಟಿದ್ದೇವೆ ಅಂತ ಅಂಗಡಿಯವರು ಹೇಳಿದ್ದರು. ಮಾಡಿರಲಿಲ್ಲ. ಮೋಟಾರ್ ನಿಲ್ಲಿಸಿದರೂ ಪ್ರೊಪೆಲ್ಲರ್ ಮಡಚಿಕೊಳ್ಳದೆ ಗಾಳಿಗೆ ತಿರುಗುತ್ತಲೇ ಇತ್ತು. ಹಾಗಾದರೆ ಗ್ಲೈಡ್ ಎಲ್ಲಿಂದ ಬರಬೇಕು? ಬಯಲು ತಲುಪುವ ಮೊದಲೇ ದ್ರಾಕ್ಷಿ ಚಪ್ಪರದ ತಂತಿಗೆ ಬಿತ್ತು. ರೆಕ್ಕೆ 3,400. ಪ್ರೊಪೆಲ್ಲರ್ 380. ಶಾಫ್ಟ್ ಬೆಂಡ್ ಆಗಿ ಹೊಸ ಮೋಟಾರ್ 1,250. ತೋಟದವರಿಗೆ ಉದುರಿದ ಹಣ್ಣಿನ ಲೆಕ್ಕದಲ್ಲಿ 600. ಉದುರಿದ್ದು ನಾಲ್ಕೇ ಗೊಂಚಲು. ಅದನ್ನೂ ಮನೆಗೆ ತರಲು ಬಿಡಲಿಲ್ಲ.

ತಿಪಟೂರು ಕಡೆಯವ: ಕೂಡಿದರೆ 5,630. ನನ್ನ 800ಕ್ಕೆ ನಕ್ಕವರು ಇವರು.

ನಂದಿ ತಪ್ಪಲು: ಆಟಿಕೆ ಜಗಳ ಸಾಕು. ಕೆಲಸದ ಮೇಲೆ ಜರ್ಮನಿಯಲ್ಲಿದ್ದಾಗ ಶೈಬೆ ಫಾಲ್ಕೆ ಎಸ್‌ಎಫ್-25ಸಿ ಒಳಗೆ ಕೂತು ಕಲಿತವನು ನಾನು. ಇಬ್ಬರು ಪಕ್ಕಪಕ್ಕ ಕೂರುವ ನಿಜವಾದ ಮೋಟಾರ್ ಗ್ಲೈಡರ್. ರೆಕ್ಕೆ 15.3 ಮೀಟರ್. ಸ್ಟಿಕ್ ಒಂದನ್ನೇ ವಾಲಿಸಿದರೆ ಅದರ ಮೂತಿಯೂ ನಾಚಿಕೆಯಿಲ್ಲದೆ ಮೊದಲು ಉಲ್ಟಾ ಕಡೆಗೇ ಹೋಗುತ್ತದೆ. ಕೈ ಜೊತೆ ಕಾಲೂ ಕೆಲಸ ಮಾಡಬೇಕು. ಮಾಮೂಲಿ ಗ್ಲೈಡರ್‌ಗಳಲ್ಲಿ ಗಾಜಿನ ಮೇಲೆ ಉಲ್ಲನ್ ದಾರದ ತುಂಡು ಅಂಟಿಸಿರುತ್ತಾರೆ. ಅದು ನೇರ ಇದ್ದರೆ ಎಲ್ಲ ಸರಿ. ಫಾಲ್ಕೆಯಲ್ಲಿ ಎದುರಿಗೇ ಪ್ರೊಪೆಲ್ಲರ್ ಇರುವುದರಿಂದ ಪ್ಯಾನೆಲ್ ಮೇಲೆ ಬಾಗಿದ ಗಾಜಿನ ಕೊಳವೆಯೊಳಗೆ ಎಡಬಲಕ್ಕೆ ಜಾರುವ ಗುಂಡು ನೋಡಬೇಕು. ಗುಂಡು ಜಾರಿದ ಕಡೆಯ ಪೆಡಲ್ ಒತ್ತಬೇಕು.

ಇಳಿಸುವುದು ಇನ್ನೊಂದು ಕಥೆ. ಏರ್‌ಬ್ರೇಕ್ ತೆಗೆಯದಿದ್ದರೆ ನೆಲದ ಹತ್ತಿರ ತೇಲುತ್ತಲೇ ಇರುತ್ತದೆ, ಕೂರುವುದೇ ಇಲ್ಲ. ನಮ್ಮ ಗುರುಗಳು ಸ್ವಲ್ಪ ಮೂತಿ ಎತ್ತಿದರೂ ಬೈಯುತ್ತಿದ್ದರು, ಅದೂ ಜರ್ಮನ್‌ನಲ್ಲಿ. ಅಲ್ಲಿ ಕಟ್ಟಿದ ಫೀಸಿನಲ್ಲಿ ಇಲ್ಲಿ ಸೈಟಿಗೆ ಅಡ್ವಾನ್ಸ್ ಕೊಡಬಹುದಿತ್ತು ಅಂತ ಮನೆಯವರು ಈಗಲೂ ಹೇಳುತ್ತಾರೆ. ಹೇಳಲಿ.

ಚಿಂತಾಮಣಿ: ಆಟಿಕೆ ಅನ್ನಬೇಡಿ ಸರ್. ನೀವು ಒಳಗೆ ಕೂತಿರುತ್ತೀರಿ, ಏನೇ ಆದರೂ ಬೆನ್ನಿಗೆ ಗೊತ್ತಾಗುತ್ತದೆ. ನಾವು 200 ಮೀಟರ್ ದೂರದಿಂದ ನೋಡಿ ಊಹಿಸಬೇಕು. ನಮ್ಮ ಕಡೆ ಬರುವಾಗ ಎಡಬಲ ಉಲ್ಟಾ. ಒಂದ್ಸಲ ಬಂದು ಹಾರಿಸಿ, ಆಮೇಲೆ ಮಾತಾಡಿ.

ನಂದಿ ತಪ್ಪಲು: ನಿಮ್ಮದು ಬಿದ್ದರೆ 5,630. ನಾನು ಬಿದ್ದರೆ?

ಕೋಲಾರ ಅಂತರಗಂಗೆ: ಇಷ್ಟು ಮಾತಾಡಿದಿರಿ, ಸಿಜಿ, ಅಂದರೆ ವಿಮಾನದ ಭಾರ ಸಮತೂಗುವ ಬಿಂದುವಿನ ಬಗ್ಗೆ ಒಬ್ಬರೂ ಎತ್ತಲಿಲ್ಲ. ಎತ್ತರಕ್ಕೆ ಹೋಗಿ ಮೋಟಾರ್ ನಿಲ್ಲಿಸಿ, ಮೂತಿ ಕೆಳಗೆ ಮಾಡಿ ಸ್ಟಿಕ್ ಬಿಡಿ. ಜೋರಾಗಿ ಮೇಲೆದ್ದರೆ ಮೂತಿ ಭಾರ, ಬ್ಯಾಟರಿ ಹಿಂದಕ್ಕೆ ಸರಿಸಿ. ಇನ್ನೂ ಕೆಳಕ್ಕೇ ಮುಗ್ಗರಿಸಿದರೆ ಬಾಲ ಭಾರ, ತಕ್ಷಣ ಎತ್ತಿಕೊಂಡು ಇಳಿಸಿ. ಮೋಟಾರ್ ಕೊಟ್ಟಾಗ ಮೂತಿ ಏಳುವುದಕ್ಕೆ ಮೋಟಾರ್ ಮೌಂಟಿನ ಮೇಲ್ಭಾಗದ ಸ್ಕ್ರೂ ಹಿಂದೆ ವಾಷರ್ ಹಾಕಿ, ಮೋಟಾರ್ ಎರಡು ಮೂರು ಡಿಗ್ರಿ ಕೆಳಮುಖ ಆಗಲಿ. ಇನ್ನೊಂದು, ನಮ್ಮ ಮೂರೂ ಜಿಲ್ಲೆ (ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ) ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿವೆ. ಗಾಳಿ ಸ್ವಲ್ಪ ತೆಳು. ಮಂಗಳೂರಿನ ವಿಡಿಯೊ ನೋಡಿ ಅಷ್ಟೇ ನಿಧಾನಕ್ಕೆ ಇಳಿಸಲು ಹೋಗಬೇಡಿ.

ನನ್ನ ಗ್ಲೈಡರ್ ಚೆನ್ನಾಗಿಯೇ ಇತ್ತು. ಬಾವಮೈದ ಏಪ್ರಿಲ್ ಬಿಸಿಲಲ್ಲಿ ಅದನ್ನು ಕಾರಲ್ಲೇ ಬಿಟ್ಟು ಮದುವೆ ಊಟಕ್ಕೆ ಹೋದ. ಊಟ ಎರಡನೇ ಪಂಕ್ತಿಯಂತೆ. ರೆಕ್ಕೆ ತಿರುಚಿಕೊಂಡಿತು. 2200 ಎಂಎಎಚ್ ಸಾಮರ್ಥ್ಯದ ಬ್ಯಾಟರಿ ಊದಿಕೊಂಡಿತು, ಅದು 1,900. ಬಿಸಿನೀರು ಹುಯ್ದು ರೆಕ್ಕೆ ನೆಟ್ಟಗೆ ಮಾಡಿದೆ. ಆದರೂ ನಿಧಾನ ಆದರೆ ಎಡ ರೆಕ್ಕೆಯೇ ಮೊದಲು ಬೀಳುತ್ತದೆ. ಅವನು ಇವತ್ತಿನವರೆಗೆ ಒಂದು ರೂಪಾಯಿ ಕೊಟ್ಟಿಲ್ಲ.

ಇಳಿಸುವ ಜಾಗವೂ ಹೋಯಿತು. ಮೊದಲು ಒಣ ಕೆರೆ ಅಂಗಳ ಇತ್ತು, ಎಲ್ಲಿ ಬೇಕಾದರೂ ಹೊಟ್ಟೆ ಮೇಲೆ ಜಾರಿಸಬಹುದಿತ್ತು. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬರಲು ಶುರುವಾಯಿತು. ನಮ್ಮ ಕೆರೆಯೂ ತುಂಬಿತು. ಅದರಲ್ಲಿ ನನ್ನ ರಿಸೀವರ್ ಹೋಯಿತು, 1,400.

ಶ್ರೀನಿವಾಸಪುರ ಮಾವು: ಕೆರೆ ತುಂಬಿತು ಅಂತ ಅಳುವ ಕೋಲಾರದವನನ್ನು ಇವತ್ತೇ ನೋಡಿದ್ದು. ನಾವು 1,200 ಅಡಿ ಕೊರೆಸಿ ಬರೀ ಧೂಳು ಕಂಡವರು ಸ್ವಾಮಿ.

ಕೋಲಾರ ಅಂತರಗಂಗೆ: ನೀರು ಬೇಡ ಅಂದೆನಾ? ಅದು ಎರಡೇ ಹಂತ ಶುದ್ಧ ಮಾಡಿದ ಬೆಂಗಳೂರಿನ ಕೊಳಚೆ ನೀರು. ಮೂರನೇ ಹಂತ ಮಾಡಿ ಕೊಡಿ ಅಂತ ರೈತರೇ ಕೇಳುತ್ತಿದ್ದಾರೆ. ಅದರಲ್ಲಿ ಮೊಣಕಾಲವರೆಗೆ ಇಳಿದು ಗ್ಲೈಡರ್ ಎತ್ತಿಕೊಂಡು ಬಂದವನು ನಾನು. ನೀವಲ್ಲ.

ಶ್ರೀನಿವಾಸಪುರ ಮಾವು: ಇಳಿಯಿರಿ ಅಂತ ಯಾರು ಹೇಳಿದ್ದು? ಮೂರನೇ ಹಂತ ನಮಗೂ ಬೇಕು, ಅದಕ್ಕೆ ನಾವೂ ಧರಣಿ ಕೂತಿದ್ದೇವೆ. ಒಂದು ಮಾತು, ಕೆರೆ ಬಿಟ್ಟು ನಮ್ಮ ತೋಪಿನ ಕಡೆ ಹಾರಿಸಲು ಬರಬೇಡಿ. ಈಗ ಮಾವು ಹೂ ಬಿಟ್ಟಿದೆ.