ಗಣಿ ನಿಂತಾಗ ಬಳ್ಳಾರಿಗೆ ಏನಾಯಿತು, ಅಳೆಯುವುದು ಹೇಗೆ?

ಬಳ್ಳಾರಿ ಎಂಎ
ಅರ್ಥಶಾಸ್ತ್ರದ ಪ್ರಾಜೆಕ್ಟಿಗೆ 2011ರ ಗಣಿ ನಿಷೇಧ ಆರಿಸಿಕೊಂಡಿದ್ದೇನೆ. ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಕಬ್ಬಿಣದ ಅದಿರು ಗಣಿಗಳನ್ನು ನಿಲ್ಲಿಸಿತು, 2012–13ರಲ್ಲಿ ಎ ಮತ್ತು ಬಿ ವರ್ಗದವಕ್ಕೆ (ಅಕ್ರಮ ಇಲ್ಲದ ಅಥವಾ ಕಡಿಮೆ ಇದ್ದ ಗಣಿಗಳು) ಮತ್ತೆ ದಾರಿ ಬಿಟ್ಟಿತು. ಚಿತ್ರದುರ್ಗದ ಜೊತೆ ಹೋಲಿಸಿ ಡಿಫರೆನ್ಸ್ ಇನ್ ಡಿಫರೆನ್ಸಸ್ (ನಿಷೇಧ ಬಿದ್ದ ಜಿಲ್ಲೆ, ಬೀಳದ ಜಿಲ್ಲೆ ಎರಡರ ಮುಂಚಿನ-ಆಮೇಲಿನ ಬದಲಾವಣೆ ಹೋಲಿಸುವ ವಿಧಾನ) ಮಾಡೋಣ ಅಂತಿದ್ದೇನೆ. ಪಕ್ಕದ ಜಿಲ್ಲೆ, ಅದೂ ಬಯಲುಸೀಮೆ, ಸರಿಹೋಗುತ್ತದೆ ಅಲ್ವಾ? ತಾಲ್ಲೂಕಿನ ಆದಾಯದ ಲೆಕ್ಕ ಸಿಗದಿದ್ದರೆ ಅದರ ಬದಲು ಉಪಗ್ರಹದ ರಾತ್ರಿ ಬೆಳಕಿನ ಡೇಟಾ ಹಾಕಬಹುದಾ?

ರಾಯಚೂರು ಮೇಷ್ಟ್ರು
ಚಿತ್ರದುರ್ಗ ಬೇಡವೇ ಬೇಡ ತಮ್ಮಾ. ಆಗಸ್ಟ್‌ನಲ್ಲಿ ನಿಷೇಧ ಅಲ್ಲಿಗೂ ತುಮಕೂರಿಗೂ ಬಂತು. ಎರಡೂ ಕಡೆ ಏಟು ಬಿದ್ದ ಮೇಲೆ ವ್ಯತ್ಯಾಸ ಎಲ್ಲಿಂದ ಕಾಣಬೇಕು? ದಾವಣಗೆರೆ ಹಿಡಿದರೆ ಇನ್ನೊಂದು ತೊಡಕು: 2013ರಲ್ಲೇ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾಯಿತು. ಬಳ್ಳಾರಿಗೆ ಸಿಕ್ಕಿತು, ದಾವಣಗೆರೆಗೆ ಇಲ್ಲ. ಆಮೇಲಿನ ಬದಲಾವಣೆ ಗಣಿಯದೋ ವಿಶೇಷ ಸ್ಥಾನಮಾನದ್ದೋ ಬಿಡಿಸಲಾಗದು. ನಮ್ಮ ರಾಯಚೂರಿಗೆ 371(ಜೆ) ಇದೆ, ಆದರೆ ನಿಷೇಧಕ್ಕೆ ಮುಂಚೆ ಚೀನಾದ ಅದಿರು ಬೇಡಿಕೆಯಿಂದ ನಿಮ್ಮ ಆದಾಯದ ಗೆರೆ ನೆಟ್ಟಗೆ ಮೇಲೇರುತ್ತಿತ್ತು, ನಮ್ಮದು ಭತ್ತದ ಗೆರೆ. ಮುಂಚಿನ ವರ್ಷಗಳ ಗೆರೆಗಳು ಜೊತೆಜೊತೆಗೆ ಸಾಗದಿದ್ದರೆ ಈ ವಿಧಾನಕ್ಕೆ ಬುಡವೇ ಇಲ್ಲ. ನಾಲ್ಕಾರು ಜಿಲ್ಲೆಗಳಿಗೆ ತೂಕ ಕೊಟ್ಟು ಬೆರೆಸಿ, ನಿಷೇಧಕ್ಕೆ ಮುಂಚಿನ ಬಳ್ಳಾರಿಯನ್ನು ಹೋಲುವ ಜೋಡಿ ಕಟ್ಟುವ ಸಿಂಥೆಟಿಕ್ ಕಂಟ್ರೋಲ್ ನೋಡಿ.

ಸಂಡೂರು ಲಾರಿ
ಬೆರೆಸುವಾಗ ಕೊಪ್ಪಳ ಹಾಕಬೇಡಿ. ಗಿಣಿಗೇರಾ ಕಡೆಯ ಕಾರ್ಖಾನೆಗಳು ನಮ್ಮ ಅದಿರು ನಂಬಿದವು. ಇನ್ನೊಂದು, ಜಿಲ್ಲೆಯ ಆದಾಯ ಅಂದರೆ ಇಲ್ಲಿ ಉತ್ಪಾದನೆಯಾದದ್ದರ ಲೆಕ್ಕ, ಇಲ್ಲಿನವರ ಜೇಬಿಗೆ ಬಂದದ್ದಲ್ಲ. ಗಣಿ ಮಾಲೀಕ ಬೆಂಗಳೂರಲ್ಲಿ ಕೂತು ಲಾಭ ಎಣಿಸಿದರೂ ಅದು ಬಳ್ಳಾರಿಯ ತಲಾ ಆದಾಯದಲ್ಲೇ ಸೇರುತ್ತದೆ. ಅದು ಕುಸಿದದ್ದಕ್ಕೂ, ಸಾಲ ಮಾಡಿ ಲಾರಿ ತಗೊಂಡು ಕಂತು ಕಟ್ಟಲಾಗದೆ ಕೂತವನ ಮನೆಗೂ ನೇರ ನಂಟಿಲ್ಲ. ಮನೆಮನೆಯ ಖರ್ಚಿನ ಸಮೀಕ್ಷೆ ಹುಡುಕಿ.

ಡೇಟಾ ಗಿರಾಕಿ
ರಾತ್ರಿ ಬೆಳಕು ಹಾಕಬಹುದು, ಆದರೆ ಹಳೆಯ ಡಿಎಂಎಸ್‌ಪಿ ಉಪಗ್ರಹಗಳ ಸರಣಿ 1992ರಿಂದ 2013ರವರೆಗೆ, ಹೊಸ ವಿಐಐಆರ್‌ಎಸ್ ಉಪಕರಣದ್ದು 2012ರಿಂದ. ನಿಮ್ಮ ನಿಷೇಧದ ಹೊತ್ತಿಗೇ ಅಳತೆಗೋಲು ಬದಲಾಗಿದೆ! ಎರಡನ್ನೂ ಸುಮ್ನೆ ಅಂಟಿಸಿದರೆ ಕೆಲಸ ಕೆಟ್ಟಿತು. ಹಳೆಯದರ ಅಳತೆ 0ಯಿಂದ 63ರವರೆಗೆ ಮಾತ್ರ, ಅದಕ್ಕಿಂತ ಹೆಚ್ಚಿನ ಬೆಳಕೂ 63 ಅಂತಲೇ ದಾಖಲಾಗುತ್ತದೆ. ತೋರಣಗಲ್ಲು ಉಕ್ಕಿನ ಕಾರ್ಖಾನೆಯ ಬೆಳಕನ್ನು ಬೇರೆ ತೆಗೆದಿಡಿ, ಅದು ಊರಿನವರ ಸಂಪಾದನೆ ಅಲ್ಲ.

ಬಳ್ಳಾರಿ ಎಂಎ
ಧನ್ಯವಾದ ಸರ್, ಅಣ್ಣಾ. ಹಾಗಾದರೆ 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಯಿತಲ್ಲ, ಅದನ್ನು ಬಳ್ಳಾರಿಗೆ ಕೂಡಿಸಿಯೇ ಲೆಕ್ಕ ಹಾಕಬೇಕಾ?

ಡೇಟಾ ಗಿರಾಕಿ
ಹೌದು. ಇಲ್ಲವೇ 2020ಕ್ಕೆ ನಿಲ್ಲಿಸಿಬಿಡಿ, ಅಷ್ಟು ವರ್ಷ ನಿಮ್ಮ ಪ್ರಶ್ನೆಗೆ ಸಾಕು.