ಪ್ರಶ್ನೋತ್ತರ: ನೀರಿನ ಕೊರತೆ, ನೀರಿನ ಮಾಲಿನ್ಯ – ಎರಡೂ ಬೇರೆ ಬೇರೆನಾ?

ಪ್ರಶ್ನೆ: ಮೇಡಂ, ನೀವು ನೀರು ಶುದ್ಧೀಕರಣದ ಎಂಜಿನಿಯರ್ ಆದ್ದರಿಂದ ಕೇಳುತ್ತಿದ್ದೇನೆ. ಆವಿಯಾದ ನೀರು ಮಳೆಯಾಗಿ ವಾಪಸ್ ಬರುತ್ತದೆ, ಭೂಮಿಯ ನೀರು ಎಲ್ಲಿಗೂ ಹೋಗುವುದಿಲ್ಲ ಅಂತ ಶಾಲೆಯಲ್ಲಿ ಓದಿದ್ದೆವು. ಹಾಗಿದ್ದರೆ ಕೊರತೆ ಎಲ್ಲಿಂದ ಬಂತು? ಕೊರತೆ, ಮಾಲಿನ್ಯ ಎರಡರಲ್ಲಿ ಮೊದಲು ಯಾವುದನ್ನು ಸರಿ ಮಾಡಬೇಕು?

ಉತ್ತರ: ಶಾಲೆಯಲ್ಲಿ ಓದಿದ್ದು ಸರಿಯೇ. ಒಟ್ಟು ನೀರು ಕಮ್ಮಿಯಾಗಿಲ್ಲ. ಆದರೆ ಅದರಲ್ಲಿ ಸುಮಾರು ಶೇ. 97.5ರಷ್ಟು ಉಪ್ಪುನೀರು. ಉಳಿದ ಸಿಹಿನೀರಿನಲ್ಲೂ ಮೂರನೇ ಎರಡು ಪಾಲಿನಷ್ಟು ಹಿಮವಾಗಿ ಕೂತಿದೆ. ನಮ್ಮ ಕೈಗೆ ಸಿಗುವುದು ನದಿ, ಕೆರೆ, ನೆಲದಡಿಯ ನೀರು ಅಷ್ಟೇ. ಅದೂ ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಇರುವುದಿಲ್ಲ. ವರ್ಷದಲ್ಲಿ ಒಂದು ತಿಂಗಳಾದರೂ ತೀವ್ರ ಅಭಾವ ಎದುರಿಸುವವರು ಸುಮಾರು 400 ಕೋಟಿ ಜನ.

ಯಾವುದು ಮೊದಲು ಅಂತ ಕೇಳಿದಿರಿ. ಈ ಎರಡನ್ನು ನಾನು ಬೇರೆ ಮಾಡಿ ನೋಡುವುದೇ ಇಲ್ಲ. ನದಿ ತುಂಬಾ ನೀರಿದ್ದರೂ ಅದು ಕುಡಿಯಲೂ ಬೆಳೆಗೂ ಆಗದಿದ್ದರೆ, ದಡದಲ್ಲಿರುವವರಿಗೆ ಅದು ಇಲ್ಲದ ನೀರೇ. ಹಾಗೆಯೇ ನದಿಯ ಹರಿವು ಇಳಿದರೆ, ಬಂದು ಸೇರುವ ಕೊಳಚೆ ಅಷ್ಟೇ ಇದ್ದರೂ ನೀರು ಇನ್ನಷ್ಟು ಕೆಡುತ್ತದೆ.

ಮಧ್ಯ ಏಷ್ಯಾದ ಅರಾಲ್ ಸಮುದ್ರವನ್ನೇ ನೋಡಿ. ಹೆಸರಿಗೆ ಸಮುದ್ರ, ನಿಜವಾಗಿ ದೊಡ್ಡ ಸರೋವರ. 1960ರ ದಶಕದಿಂದ ಸೋವಿಯತ್ ಸರ್ಕಾರ ಹತ್ತಿ ಬೆಳೆಯಲು ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಿತು. ಸರೋವರ ಬತ್ತುತ್ತಾ ಹೋಯಿತು. ಉಳಿದ ನೀರಲ್ಲಿ ಉಪ್ಪು ಏರಿ ಮೀನುಗಳು ಸತ್ತವು. ಹೊಲಗಳಿಂದ ಹರಿದು ಬಂದ ಗೊಬ್ಬರ, ಕೀಟನಾಶಕ ಒಣಗಿದ ತಳದಲ್ಲಿ ಕೂತವು. ಗಾಳಿ ಬೀಸಿದಾಗ ಉಪ್ಪಿನ ಧೂಳಿನ ಜೊತೆ ಅದೂ ಸುತ್ತಲಿನ ಜನರ ಶ್ವಾಸಕೋಶ ಸೇರಿತು. ನೀರು ತೆಗೆದಿದ್ದರಿಂದ ಶುರುವಾದದ್ದು ವಿಷದಲ್ಲಿ ಮುಟ್ಟಿತು. 2005ರಲ್ಲಿ ಕಝಾಕಸ್ತಾನದಲ್ಲಿ ಕೋಕ್-ಅರಾಲ್ ಅಣೆಕಟ್ಟು ಮುಗಿದ ಮೇಲೆ ಉತ್ತರದ ಸಣ್ಣ ಭಾಗದಲ್ಲಿ ನೀರು ಏರಿದೆ, ಮೀನುಗಾರಿಕೆ ಮತ್ತೆ ಶುರುವಾಗಿದೆ. ನನಗೆ ಧೈರ್ಯ ಕೊಡುವ ಸುದ್ದಿ ಅದು. ದಕ್ಷಿಣ ಭಾಗ ಮಾತ್ರ ಬಹುಪಾಲು ಮರಳುಗಾಡಾಗಿಯೇ ಉಳಿದಿದೆ.

ಪ್ರಶ್ನೆ: ಹಾಗಾದರೆ ನಾವು ಮನೆಯಲ್ಲಿ ನಲ್ಲಿ ಬಿಗಿ ಮಾಡಿ ಏನು ಪ್ರಯೋಜನ?

ಉತ್ತರ: ಪ್ರಯೋಜನ ಇದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ 2018ರಲ್ಲಿ ಬರಗಾಲದಿಂದಾಗಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಮಿತಿ ಹಾಕಿತು. ಜನ ಬಳಕೆ ಇಳಿಸಿದರು, ಹೊಲಗಳಿಗೆ ಬಿಡುವ ನೀರೂ ಕಡಿತವಾಯಿತು, ಆಮೇಲೆ ಮಳೆ ಬಂತು. ನಲ್ಲಿ ಪೂರ್ತಿ ನಿಲ್ಲಿಸುವ ದಿನ ಬರಲಿಲ್ಲ. ಆದರೆ ಜಗತ್ತಿನಲ್ಲಿ ಬಳಕೆಗೆ ತೆಗೆಯುವ ಸಿಹಿನೀರಿನ ಸುಮಾರು ಶೇ. 70 ಹೋಗುವುದು ಬೇಸಾಯಕ್ಕೆ. ಹನಿ ನೀರಾವರಿ, ಆಯಾ ಜಾಗಕ್ಕೆ ಒಗ್ಗುವ ಬೆಳೆ, ಸೋರದ ಕಾಲುವೆ ಇವುಗಳ ಬಗ್ಗೆ ಮಾತಾಡದೆ ಮನೆಯವರಿಗೆ ಮಾತ್ರ ಬುದ್ಧಿ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ನೀರು ಕೆಟ್ಟಿದ್ದರೆ ಕುದಿಸಿದರೆ ಸಾಕಲ್ವಾ ಮೇಡಂ?

ಉತ್ತರ: ರೋಗಾಣುಗಳಿಗೆ ಸಾಕು. ಆರ್ಸೆನಿಕ್, ಸೀಸ, ನೈಟ್ರೇಟ್ ಇದ್ದರೆ ಕುದಿಸಲೇಬೇಡಿ ಅನ್ನುತ್ತೇನೆ. ನೀರು ಆವಿಯಾಗಿ ಅವು ಇನ್ನೂ ಗಟ್ಟಿಯಾಗುತ್ತವೆ. ಬಾಂಗ್ಲಾದೇಶದಲ್ಲಿ ಕೊಳದ ನೀರಿನಿಂದ ಬರುವ ಭೇದಿ ತಪ್ಪಿಸಲೆಂದು 1970ರ ದಶಕದಿಂದ ಲಕ್ಷಾಂತರ ಕೊಳವೆಬಾವಿ ಕೊರೆಸಿದರು. ನೀರು ತಿಳಿಯಾಗಿತ್ತು. ಅದರಲ್ಲಿ ಆರ್ಸೆನಿಕ್ ಇರುವುದು ಗೊತ್ತಾಗಿದ್ದು 1993ರಲ್ಲಿ. ಆ ಆರ್ಸೆನಿಕ್ ಯಾವ ಕಾರ್ಖಾನೆಯಿಂದಲೂ ಬಂದಿರಲಿಲ್ಲ, ನೆಲದ ಮಣ್ಣಿನಲ್ಲೇ ಇತ್ತು. ಆಮೇಲೆ ಬಾವಿಗಳನ್ನು ಪರೀಕ್ಷೆ ಮಾಡಿ, ಕುಡಿಯಬಾರದ್ದಕ್ಕೆ ಕೆಂಪು, ಕುಡಿಯಬಹುದಾದ್ದಕ್ಕೆ ಹಸಿರು ಬಣ್ಣ ಬಳಿದರು. ಇಂಥ ವಿಷಕ್ಕೆ ಬಣ್ಣ, ವಾಸನೆ, ರುಚಿ ಏನೂ ಇರುವುದಿಲ್ಲ. ದಯವಿಟ್ಟು ಬಾವಿ ನೀರನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ.

ಪ್ರಶ್ನೆ: ಸಮುದ್ರದ ನೀರನ್ನೇ ಸಿಹಿ ಮಾಡಿದರೆ ಆಯ್ತಲ್ಲ?

ಉತ್ತರ: ಬೇರೆ ದಾರಿ ಇಲ್ಲದ ಕಡೆ ಮಾಡುತ್ತಿದ್ದಾರೆ. ಸಾವಿರ ಲೀಟರಿಗೆ ಸುಮಾರು 3ರಿಂದ 4 ಯುನಿಟ್ ಕರೆಂಟ್ ಬೇಕು. ಉಳಿಯುವ ಗಟ್ಟಿ ಉಪ್ಪುನೀರನ್ನು ಸುಮ್ನೆ ಕಡಲಿಗೆ ಬಿಟ್ಟರೆ ಅಲ್ಲಿನ ಜೀವಿಗಳಿಗೆ ತೊಂದರೆ. ಬಳಸಿದ ನೀರನ್ನು ಶುದ್ಧ ಮಾಡುವುದಕ್ಕೆ ಸಾಮಾನ್ಯವಾಗಿ ಇದಕ್ಕಿಂತ ಕಮ್ಮಿ ಕರೆಂಟ್ ಸಾಕು.

ಪ್ರಶ್ನೆ: ಅಂದರೆ ಚರಂಡಿ ನೀರು ಕುಡಿಯೋದಾ?!

ಉತ್ತರ: ನಿಮ್ಮ ಹಿಂಜರಿಕೆ ಅರ್ಥವಾಗುತ್ತದೆ. ಆದರೆ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ 1968ರಿಂದ ಹೀಗೆ ಶುದ್ಧ ಮಾಡಿದ ನೀರನ್ನು ಕುಡಿಯುವ ನೀರಿಗೆ ಸೇರಿಸುತ್ತಿದ್ದಾರೆ. ಓಝೋನ್, ಇದ್ದಿಲಿನ ಸೋಸುವಿಕೆ, ತೆಳು ಪೊರೆಯ ಫಿಲ್ಟರ್ ಹೀಗೆ ಒಂದರ ಹಿಂದೆ ಒಂದು ತಡೆ ಇರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಇದಕ್ಕಿಂತ ಮುಖ್ಯವಾದ ಮಾತು, ಅಲ್ಲಿ ಕಾರ್ಖಾನೆಗಳ ಕೊಳಚೆಯನ್ನು ಮನೆಗಳ ಕೊಳಚೆಯ ಜೊತೆ ಬೆರೆಯಲು ಬಿಡುವುದಿಲ್ಲ. ಅದಕ್ಕೆ ಬೇರೆಯದೇ ಪೈಪು. ಬಚ್ಚಲು, ಶೌಚಾಲಯದ ನೀರನ್ನು ಶುದ್ಧ ಮಾಡುವ ವಿಧಾನ ನಮಗೆ ಚೆನ್ನಾಗಿ ಗೊತ್ತಿದೆ. ಭಾರ ಲೋಹ, ರಾಸಾಯನಿಕಗಳು ಅದರೊಳಗೆ ಸೇರಿದ ಮೇಲೆ ಖರ್ಚೂ ಜಾಸ್ತಿ, ಅಪಾಯವೂ ಜಾಸ್ತಿ. ನಿಮ್ಮ ಊರಲ್ಲಿ ಇಂಥ ಯೋಜನೆಯ ಮಾತು ಬಂದರೆ, ಮೊದಲು ಈ ಪೈಪುಗಳು ಬೇರೆ ಇವೆಯಾ ಅಂತ ಕೇಳಿ.