ಸಹಾಯ ಬೇಕು: ಹೆಲ್ಮೆಟ್ ಹೆಡ್‌ಸೆಟ್‌ನಲ್ಲಿ ಕರೆ ಕೇಳುತ್ತದೆ, ದಾರಿ ಹೇಳುವ ದನಿ ಕೇಳುತ್ತಿಲ್ಲ

ನಮಸ್ಕಾರ, ನಾನು ಪುಣೆಯ ಚಿಂಚವಡದಲ್ಲಿದ್ದೇನೆ. ಶನಿವಾರ ಹೆಂಡತಿ ಜೊತೆ ಟೂರಿಂಗ್ ಬೈಕಿನಲ್ಲಿ ಬೆಳಗಾವಿಗೆ ಹೊರಡಬೇಕು. ಖಂಬಾಟ್ಕಿ ಘಾಟಿನಲ್ಲಿ ಲಾರಿಗಳ ನಡುವೆ ಸ್ಕ್ರೀನ್ ನೋಡುತ್ತಾ ಓಡಿಸಲು ಭಯ. ದಾರಿ ಕಿವಿಯಲ್ಲೇ ಕೇಳಬೇಕು.

ಹೆಡ್‌ಸೆಟ್ ಬಟನ್ ಒತ್ತಿ ಹಿಡಿದರೆ ಕೆಂಪು-ನೀಲಿ ದೀಪ ಮಿನುಗುತ್ತದೆ, ಬೈಕ್ ಸ್ಕ್ರೀನಿನಲ್ಲಿ ‘ಕನೆಕ್ಟೆಡ್’ ಅಂತಲೂ ಬರುತ್ತದೆ. ಕರೆ ಸ್ಪಷ್ಟವಾಗಿ ಕೇಳುತ್ತದೆ. ಹಾಡು, ನ್ಯಾವಿಗೇಶನ್ ಮಾತ್ರ ಸದ್ದೇ ಇಲ್ಲ. ಬೈಕಿನಲ್ಲಿ ಪೇರಿಂಗ್ (ಬ್ಲೂಟೂತ್ ಜೋಡಣೆ) ಅಳಿಸಿ ಮತ್ತೆ ಮಾಡಿದೆ. ಹೆಡ್‌ಸೆಟ್ ಫರ್ಮ್‌ವೇರ್ ಅಪ್‌ಡೇಟ್ ಕೂಡ ಆಯಿತು. ವಾಲ್ಯೂಮ್ ಪೂರ್ತಿ ಇದೆ.

ಬ್ಲೂಟೂತ್‌ನಲ್ಲಿ ಕರೆಗೆ ಒಂದು ಪ್ರೊಫೈಲ್ (ಸದ್ದು ಕಳಿಸುವ ವಿಧಾನ), ಹಾಡಿಗೆ ಇನ್ನೊಂದು ಅಲ್ವಾ? ಹೆಡ್‌ಸೆಟ್ ನನ್ನ ಫೋನಿಗೂ ನೇರವಾಗಿ ಜೋಡಿಯಾಗಿದೆ. ಹಾಡಿನ ಪ್ರೊಫೈಲನ್ನು ಫೋನೇ ಹಿಡಿದುಕೊಂಡಿದೆ ಅಂತ ನನ್ನ ಅನುಮಾನ.

ಆ ನೇರ ಪೇರಿಂಗ್ ತೆಗೆದು, ಫೋನ್ ಮತ್ತು ಹೆಡ್‌ಸೆಟ್ ಎರಡನ್ನೂ ಬೈಕಿಗೆ ಮಾತ್ರ ಜೋಡಿಸಬೇಕಾ? ಹಾಗಾದರೆ ಮೊದಲು ಯಾವುದನ್ನು ಜೋಡಿಸಬೇಕು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.